ನಿಂತಲ್ಲೇ ನಿಂತ ಪೆಟ್ಟಿಗೆ

ಡಿಸೆಂಬರ್ ಮೊದಲ ವಾರದಿಂದ ಹುಣಸೂರಿನ ನಮ್ಮ ಮನೆಯ ಹಾಲಿನಲ್ಲಿ ಒಬ್ಬ ಚಕ್ರವರ್ತಿ, ಒಬ್ಬ ಸೇನಾಪತಿ, ಒಬ್ಬ ಸಾರಥಿ ಮತ್ತು ನಾಲ್ವರು ದೂತರು ವಾರಕ್ಕೆ ನಾಲ್ಕು ದಿನ ಬಂದು ಕೂರತೊಡಗಿದರು. ಬರುವಾಗ ಚಪ್ಪಲಿಗಳನ್ನು ಹೊರಗೇ ಬಿಡುತ್ತಿದ್ದರು. ಅಷ್ಟರ ಮಟ್ಟಿಗೆ ನಾನು ಋಣಿ. ಗಂಟಲುಗಳನ್ನು ಮಾತ್ರ ಒಳಗೆ ತರುತ್ತಿದ್ದರು.

ಈ ಅನಾಹುತಕ್ಕೆ ಮೂಲ ರಾವಂದೂರಿನ ಬಸ್ ನಿಲ್ದಾಣ. ನನ್ನ ಯಜಮಾನರು ಹಾರ್ಮೋನಿಯಂ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಸ್ಸಿನಿಂದ ಇಳಿಯುವಾಗ, ಇನ್ನೂ ಒಂದು ಮೆಟ್ಟಿಲು ಇದೆಯೆಂದು ತಿಳಿದು ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟರು. ಪೆಟ್ಟಿಗೆಗೆ ಒಂದು ಗೀರೂ ಬೀಳಲಿಲ್ಲ. ಬಲಗಾಲು ಎರಡು ಕಡೆ ಮುರಿಯಿತು. (ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದವರು ಮೊದಲು ಹೇಳಿದ್ದು, “ಗಾಬರಿ ಆಗ್ಬೇಡಿ ಅಮ್ಮಾವ್ರೆ, ಪೆಟ್ಟಿಗೆ ಚೆನ್ನಾಗದೆ” ಎಂದು.) ಮೇಷ್ಟ್ರು ಹಳ್ಳಿಗೆ ಹೋಗುವಂತಿಲ್ಲ ಎಂದಾದಾಗ ಹಳ್ಳಿಯೇ ಟೆಂಪೋ ಮಾಡಿಕೊಂಡು ಮೇಷ್ಟ್ರ ಮನೆಗೆ ಬಂತು.

ನನ್ನ ಯಜಮಾನರ ಹೆಸರು ನೀಲಕಂಠಸ್ವಾಮಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕಿನಲ್ಲಿ ‘ಡ್ರಾಮಾ ಮೇಷ್ಟ್ರು’ ಎಂದರೆ ಅವರೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ದೆಸೆಯಿಂದ ಮೂರು ಸಲ ಡುಮ್ಕಿ ಹೊಡೆದವರು. ನಮ್ಮ ಕಡೆಯ ಹಳ್ಳಿ ನಾಟಕಗಳ ಪದ್ಧತಿ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ನಟನಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾತ್ರವನ್ನು ಕೊಳ್ಳುತ್ತಾನೆ. ಕಿರೀಟ ಎತ್ತರವಾದಷ್ಟೂ, ಹಾಡುವ ಪದಗಳು ಹೆಚ್ಚಾದಷ್ಟೂ ಪಾತ್ರದ ಬೆಲೆ ಜಾಸ್ತಿ. ಹಾಗೆ ಕೊಂಡವನಿಗೆ ಹಾಡಲು ಬರುತ್ತದೆಯೇ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಸೈಟು ಕೊಂಡವನನ್ನು ನಿನಗೆ ಗಾರೆ ಕೆಲಸ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಅವನ ಬಾಯಲ್ಲಿ ಹಾಡು ಬರಿಸುವುದು ಮೇಷ್ಟ್ರ ಪಾಡು.

ಇನ್ನು ನಾನು. ಸಂಗೀತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವಳು. ನನ್ನ ಮಹಾಪ್ರಬಂಧ ಶ್ರುತಿಯನ್ನು ಕುರಿತದ್ದು, ನಾನೂರ ಹನ್ನೆರಡು ಪುಟ. ಅದನ್ನು ಪೂರ್ತಿ ಓದಿದವರು ಇಬ್ಬರು: ನಾನು ಮತ್ತು ಅದನ್ನು ಟೈಪ್ ಮಾಡಿದಾತ. (ಮಾರ್ಗದರ್ಶಕರ ಬಗ್ಗೆ ನನಗೆ ಅನುಮಾನವಿದೆ.) ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಗೀತ ಕಲಿಸಿದೆ. ಗೃಹವಿಜ್ಞಾನದಲ್ಲಿ ಸೀಟು ಸಿಗದವರು, ಸಂಗೀತವಾದರೆ ಮನೆಪಾಠ ಇರುವುದಿಲ್ಲವೆಂದು ನಂಬಿದವರು ನನ್ನ ತರಗತಿಗೆ ಬರುತ್ತಿದ್ದರು. ಅವರಲ್ಲಿ ಇಂದು ಹಾಡುವವರು ಒಬ್ಬರೂ ಇಲ್ಲ. ಇಬ್ಬರು ತಹಶೀಲ್ದಾರರಿದ್ದಾರೆ. ನಿವೃತ್ತಿಯ ದಿನ ಕಾಲೇಜು ನನಗೊಂದು ಗೋಡೆ ಗಡಿಯಾರ ಕೊಟ್ಟಿತು; ಅದು ಒಂಬತ್ತು ತಿಂಗಳು ನಡೆಯಿತು.

ಯಜಮಾನರ ಜೊತೆ ಬಸ್ ಹತ್ತಿದರೆ ಕಂಡಕ್ಟರ್ ಎದ್ದು ತನ್ನ ಸೀಟು ಬಿಟ್ಟುಕೊಡುತ್ತಾನೆ. “ಮೇಷ್ಟ್ರೇ, ನಮ್ಮಪ್ಪುಂಗೆ ಪಾರ್ಟು ಕಲ್ಸಿದ್ರಲ್ಲ, ಸಾಯೋಗಂಟ ಅದ್ನೇ ಹಾಡ್ತಿದ್ದ” ಎನ್ನುತ್ತಾನೆ. ಪಕ್ಕದಲ್ಲಿ ನಿಂತಿರುವ ನಾನೂ ಡಾಕ್ಟರ್ ಎಂದು ಅವರು ಹೆಮ್ಮೆಯಿಂದ ಹೇಳಿದರೆ, ಹಿಂದಿನ ಸೀಟಿನ ಹೆಂಗಸು ಸೀರೆ ಎತ್ತಿ ಮಂಡಿ ತೋರಿಸುತ್ತಾಳೆ.

ಇಂಥವರನ್ನು ನಾನು ಏಕೆ ಮದುವೆಯಾದೆ ಎಂದು ನೀವು ಕೇಳಬಹುದು. ನಾನಾಗಲಿಲ್ಲ, ಮಾಡಿದರು. ನಮ್ಮಪ್ಪನಿಗೆ ರಾಜಾಪಾರ್ಟಿನ ಹುಚ್ಚು. ಏಳು ವರ್ಷ ಮೇಷ್ಟ್ರನ್ನು ಮನೆಯಲ್ಲಿಟ್ಟುಕೊಂಡು ಪದ ಕಲಿತು, ಕಡೆಗೆ ಗುರುದಕ್ಷಿಣೆಯಾಗಿ ಎಂ.ಎ. ಓದಿದ ಮಗಳನ್ನೇ ಕೊಟ್ಟರು. ಅಪ್ಪ ಹೇಗೆ ಹಾಡುತ್ತಿದ್ದರು ಎಂಬುದನ್ನು ಕೇಳಬೇಡಿ. ಅವರು ಸಂತೋಷವಾಗಿ ಸತ್ತರು.

ನಾನು ಶ್ರುತಿಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ತೋರಿಸಿದವಳಲ್ಲ. ಹಾರ್ಮೋನಿಯಂನಲ್ಲಿ ಒಂದೊಂದು ಬಿಳಿ ಪಟ್ಟಿಗೂ ‘ಮನೆ’ ಎನ್ನುತ್ತಾರೆ. ಬಿಳಿ ಪಟ್ಟಿಯಿಂದ ಪಕ್ಕದ ಕಪ್ಪಿಗೆ ಅರ್ಧ ಮನೆ. ೧೯೯೮ರಲ್ಲಿ ಸಂಘಮಿತ್ರ ಎಂಬ ಹುಡುಗಿ ಬಿ.ಎ. ಅಂತಿಮ ವರ್ಷದ ಹಾಡುವ ಪರೀಕ್ಷೆಯಲ್ಲಿ ಪಲ್ಲವಿಯಿಂದ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಮನೆ ಇಳಿದಳು. ನಾಲ್ಕು ಅಂಕ ಕಡಿಮೆ ಕೊಟ್ಟು ಫೇಲು ಮಾಡಿದೆ. ಅವಳು ಬಾಗಿಲ ಹೊರಗೆ ನಿಂತು ಅತ್ತಳು. ತಂಬೂರಿ ಅಳುವುದಿಲ್ಲ, ಅದು ನಿಂತಲ್ಲೇ ನಿಲ್ಲುತ್ತದೆ, ಅದರಿಂದ ಕಲಿ ಎಂದೆ. ಈಗ ಅವಳು ಕೆ.ಆರ್. ನಗರದಲ್ಲಿ ವಿಮೆ ಏಜೆಂಟ್. ಪ್ರತಿ ಹೊಸ ವರ್ಷಕ್ಕೆ ನನಗೊಂದು ಕ್ಯಾಲೆಂಡರ್ ಕಳಿಸುತ್ತಾಳೆ. ಹಾಲಿನ ಗೋಡೆಯ ಮೇಲೆ ಹಾಕಿದ್ದೇನೆ.

ಇಂಥ ನನ್ನ ಹಾಲಿನಲ್ಲಿ ‘ಧವಳಕೇತು ದಿಗ್ವಿಜಯ’ದ ತಾಲೀಮು. ಯಜಮಾನರೇ ಬರೆದ ನಾಟಕ. ಚಕ್ರವರ್ತಿ ಧವಳಕೇತು ಹನಗೋಡಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರ, ನಂಜಣ್ಣ. ವಯಸ್ಸು ಐವತ್ತರ ಹತ್ತಿರ. ಆರು ವರ್ಷ ದೂತನಾಗಿ, ದ್ವಾರಪಾಲಕನಾಗಿ, ಒಂದು ಸಲ ಸಿಂಹಾಸನದ ಹಿಂದೆ ಚಾಮರ ಬೀಸುವವನಾಗಿ ಕಾದು, ಈ ಸಲ ಚಕ್ರವರ್ತಿಯಾಗಿದ್ದ. ಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆಯಲ್ಲಿ ಮೂವತ್ತು ವರ್ಷ ಹದವಾದ ಗಂಟಲು. ಪದ ಎರಡನೇ ಮನೆಯಲ್ಲಿ ಶುರುವಾಗುತ್ತಿತ್ತು. ಎರಡನೇ ಸಾಲಿಗೆ ಎರಡೂವರೆ. ನಾಲ್ಕನೇ ಸಾಲಿನ ಹೊತ್ತಿಗೆ ಎಚ್.ಡಿ. ಕೋಟೆ ದಾಟಿ ಕೇರಳದ ಗಡಿಯ ಕಡೆ ಹೊರಟಿರುತ್ತಿತ್ತು. ನನ್ನ ಯಜಮಾನರ ಬೆರಳುಗಳು, ಊಟದ ತಟ್ಟೆ ಹಿಡಿದು ಮಗುವಿನ ಹಿಂದೆ ಓಡುವ ತಾಯಿಯ ಹಾಗೆ, ಮನೆಯಿಂದ ಮನೆಗೆ ಅವನ ಬೆನ್ನು ಹಿಡಿದು ಹೋಗುತ್ತಿದ್ದವು.

ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಹೊರಗೆ ಬಂದೆ.

“ರೀ, ಇದೇನು ಪಾಠವೇನ್ರೀ? ಅವನು ತಪ್ಪಿದರೆ ನೀವು ತಿದ್ದಬೇಕು. ನೀವೇ ಹೋಗಿ ತಪ್ಪಿನ ಜೊತೆ ಸೇರಿಕೊಂಡರೆ ಹೇಗೆ?”

“ಅವ್ನು ದಾರಿ ಬಿಟ್ಟು ಒಬ್ನೇ ಹೋದ್ರೆ ತಪ್ಪು. ನಾನೂ ಹೋದ್ರೆ ಇಬ್ರಾದ್ವು. ಇಬ್ರು ಹೋಗೋದು ದಾರಿ ಅಲ್ವಾ?” ಎಂದರು, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಸರಿಪಡಿಸಿಕೊಳ್ಳುತ್ತ.

“ಇದು ಸಂಗೀತ. ಕಾಲುದಾರಿಯಲ್ಲ.”

“ಪದ ಹೇಳೋನು ಅವ್ನು ಕಣೆ. ಅವನ ಹೆಂಡ್ತಿ, ಮಕ್ಳು, ಅತ್ತೆ ಮನೆಯೋರು ಮುಂದಿನ ಸಾಲಲ್ಲಿ ಕೂತಿರ್ತಾರೆ. ಆವತ್ತು ಪೆಟ್ಟಿಗೆ ‘ನೀನು ತಪ್ದೆ ಕಣಪ್ಪ’ ಅಂತ ಹೇಳ್ಬಾರ್ದು.”

“ಮತ್ತೆ ಯಾರು ಹೇಳಬೇಕು?”

“ಯಾರೂ ಹೇಳ್ಬಾರ್ದು.”

ನಂಜಣ್ಣ ಎದ್ದುನಿಂತು ಕೈಮುಗಿದ. “ಅಮ್ಮಾವ್ರೆ, ಬೇಜಾರ್ ಮಾಡ್ಕಬೇಡಿ. ನನ್ ಗಂಟ್ಲಿಗೆ ಹೊಗೆ ಕುಡ್ದು ಕುಡ್ದು ತನ್ದೇ ಬುದ್ಧಿ ಬಂದುಬುಟ್ಟದೆ. ಅದು ಹೋದ್ ಕಡೀಕೆ ನಾನು ಹೋಯ್ತೀನಿ, ನಾನು ಹೋದ್ ಕಡೀಕೆ ಮೇಷ್ಟ್ರು ಬತ್ತಾರೆ.”

ಸಾರಥಿಯ ಪಾತ್ರ ಕೊಂಡಿದ್ದ ದೇವರಾಜ ಮೂಲೆಯಿಂದ, “ಸಾರಥಿ ನಾನು ಕಣ್ಲಾ, ನನ್ನ ಕೇಳ್ದೆ ಇಷ್ಟ್ ದೂರ ಯಾವ್ ರಥದಲ್ಲಿ ಹೋದೆ?” ಎಂದ. ದೂತರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ದಿನಾ ಬೆಳಿಗ್ಗೆ ಆರು ಗಂಟೆಗೆ ಒಂದು ಗಂಟೆ ಸಾಧನೆ ಮಾಡುತ್ತೇನೆ. ನಲವತ್ತಾರು ವರ್ಷದಿಂದ ಯಜಮಾನರು ಎದುರಿಗೆ ಕೂತು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯುತ್ತಾರೆ, ಜೊತೆಗೆ ಒಂದಿಷ್ಟು ನುಡಿಸುತ್ತಾರೆ. ಗಮಕ ಬಾರದ ಆ ಪೆಟ್ಟಿಗೆಯ ಬಗ್ಗೆ ನನಗೆ ಗೌರವವಿಲ್ಲ. ಆದರೆ ಮನೆಯಲ್ಲಿ ಬಿಟ್ಟಿ ಸಿಗುವ ಮನುಷ್ಯನನ್ನು ಬಿಟ್ಟು ತಂಬೂರಿಯ ತಂತಿ ಯಾರು ಬಿಗಿಯುತ್ತಾರೆ? ನಾನು ಮಾಡಿದ ನಾಲ್ಕಾರು ಕಚೇರಿಗಳಲ್ಲೂ ಅವರೇ ಹಿಂದೆ ಕೂತಿದ್ದರು. ಕಾಲೇಜಿನಲ್ಲಂತೂ ನಾನು ಹಾಡಿದ್ದು ಕಡಿಮೆ, ಬೋರ್ಡಿನ ಮೇಲೆ ಬರೆದದ್ದೇ ಹೆಚ್ಚು. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಅವರು ನನಗೆ ‘ಶ್ರುತಿ ತಪ್ಪಿತು’ ಎಂದು ಹೇಳಿಲ್ಲ. ಹೇಳುವ ಸಂದರ್ಭವೇ ಬಂದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದುಂಟು. ಆಗೆಲ್ಲ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಜನವರಿಯಲ್ಲಿ ಸಾಲಿಗ್ರಾಮದ ಒಂದು ಕಲಾಸಂಘದಿಂದ ಫೋನ್ ಬಂತು. ಕಾರ್ಯದರ್ಶಿ ಮಹೇಶ್‌ಕುಮಾರ್ ಎಂಬಾತ.

“ಮೇಡಂ, ನಮ್ಮ ತಾಲೂಕಿಗೆ ತಮ್ಮ ಸೇವೆ ದೊಡ್ಡದು. ಫೆಬ್ರವರಿಯಲ್ಲಿ ಒಂದು ಸನ್ಮಾನ, ಆಮೇಲೆ ತಮ್ಮದೇ ಮುಕ್ಕಾಲು ಗಂಟೆ ಗಾಯನ. ಮೇಷ್ಟ್ರುನೂ ಕರ್ಕೊಂಡ್ ಬನ್ನಿ ಮೇಡಂ, ಜನ ಬರ್ತಾರೆ.”

ಜನ ಯಾರಿಗಾಗಿ ಬರುತ್ತಾರೆ ಎಂಬುದು ಆ ಕೊನೆಯ ವಾಕ್ಯದಲ್ಲಿ ಸ್ಪಷ್ಟವಾಗಿತ್ತು. ನಿವೃತ್ತಳಾಗಿ ಹನ್ನೊಂದು ವರ್ಷಗಳ ಮೇಲೆ ಬಂದ ಮೊದಲ ಕರೆ, ಬಹುಶಃ ಕೊನೆಯದೂ ಹೌದು. ಅಲ್ಲಿಯೂ ನಾನು ಡ್ರಾಮಾ ಮೇಷ್ಟ್ರ ಹೆಂಡತಿಯಾಗಿ, ಹಾರ್ಮೋನಿಯಂ ಪಕ್ಕದಲ್ಲಿ ಕೂರಬೇಕೆ? ನನ್ನ ವಿದ್ಯೆ ನನ್ನದೇ ಕಾಲಿನ ಮೇಲೆ ನಿಲ್ಲುತ್ತದೆಂದು ಒಮ್ಮೆಯಾದರೂ ನಾಲ್ಕು ಜನಕ್ಕೆ ಕಾಣಬೇಡವೆ?

“ಹಾರ್ಮೋನಿಯಂ ಬೇಡ. ಪಿಟೀಲೂ ಬೇಡ, ಅವರು ತಮಗೆ ತೋಚಿದ್ದು ನುಡಿಸುತ್ತಾರೆ. ಮೃದಂಗ ಒಂದಿದ್ದರೆ ಸಾಕು,” ಎಂದೆ.

ಆಗ ಹೊಳೆದದ್ದೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಅಂಗೈಯಗಲದ ಯಂತ್ರ, ವಿದ್ಯುತ್ ಕೊಟ್ಟರೆ ತಂಬೂರಿಯ ನಾದವನ್ನು ಎಡೆಬಿಡದೆ ಹೊರಡಿಸುತ್ತದೆ. ನಿದ್ದೆಯಿಲ್ಲ, ಕಾಫಿ ಕೇಳುವುದಿಲ್ಲ, ಕಾಲು ಮುರಿದುಕೊಳ್ಳುವುದಿಲ್ಲ. ಕೊರಿಯರ್‌ನಲ್ಲಿ ತರಿಸಿದೆ.

ಮೊದಲ ದಿನ ಬೆಳಿಗ್ಗೆ ಅದರ ಮುಂದೆ ಕೂತು ಕಲ್ಯಾಣಿ ರಾಗದ ಒಂದು ಕೀರ್ತನೆ ಎತ್ತಿಕೊಂಡೆ. ಪಲ್ಲವಿ ಚೆನ್ನಾಗಿತ್ತು. ಅನುಪಲ್ಲವಿಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಶ್ರುತಿ ಮೇಲೇರಿತ್ತು. ಚರಣದ ಹೊತ್ತಿಗೆ ಯಂತ್ರ ಪೂರ್ತಿ ಅಪಸ್ವರ. ಯಜಮಾನರು ಮಂಚದ ಮೇಲಿಂದ, “ಇವತ್ತೊಂದಿನ ನನ್ ಪೆಟ್ಟಿಗೆ ಕೊಡ್ಲಾ?” ಎಂದರು. ಬೇಡ, ವಸ್ತು ಖೋಟಾ, ವಾಪಸು ಕಳಿಸುತ್ತೇನೆ ಎಂದೆ. ಕಳಿಸಿದೆ. ಎರಡನೆಯದು ಬಂತು. ಅದಕ್ಕೂ ಅದೇ ರೋಗ.

ಅವತ್ತು ತಾಲೀಮಿಗೆ ಬೇಗ ಬಂದಿದ್ದ ನಂಜಣ್ಣ ಜಗಲಿಯಲ್ಲಿ ಕೂತು ಕೇಳಿಸಿಕೊಂಡಿದ್ದ. ಒಳಗೆ ಬಂದು ಪೆಟ್ಟಿಗೆಯನ್ನು ಸುತ್ತ ತಿರುಗಿಸಿ ನೋಡಿದ.

“ಮೊಂಡು ಬಿದ್ದದೆ ಕಣ್ರಮ್ಮಾ ಇದು. ನೀವು ಅತ್ಲಾಗೆ ಹೋಯ್ತಾ ಇದ್ರೂವೆ ಇದು ನಿಂತಲ್ಲೇ ನಿಂತದೆ. ಮನುಷ್ಯತ್ವ ಇಲ್ಲ.”

“ಅದು ನಿಲ್ಲಬೇಕಾದ್ದೇ ಹಾಗೆ,” ಎಂದೆ.

“ಅಂಗಾರೆ ಯಾತಕ್ಕಮ್ಮಾ ಕಂಪ್ನಿಗೆ ಬಯ್ತಿದ್ದೀರಿ?”

ಹೊಗೆಸೊಪ್ಪು ಬೆಳೆಯುವವರ ಜೊತೆ ಶಾಸ್ತ್ರಚರ್ಚೆ ಮಾಡಬಾರದು ಎಂದುಕೊಂಡೆ. ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ಕೃಷ್ಣಕುಮಾರ್ ಅಂಗಡಿಗೆ ಹೋದೆ. ಮೊಬೈಲ್ ರಿಪೇರಿ ಮಾಡುತ್ತಾನೆ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವುದೂ ಉಂಟು. ಅವನ ಫೋನಿನಲ್ಲಿ ಶ್ರುತಿ ಅಳೆಯುವ ಒಂದು ಆ್ಯಪ್ ಇತ್ತು, ಗಡಿಯಾರದ ಹಾಗೆ ಮುಳ್ಳು. ಪೆಟ್ಟಿಗೆಯ ಮುಂದೆ ಹಿಡಿದ. ಮುಳ್ಳು ನಟ್ಟ ನಡುವೆ ನಿಂತು ಕದಲಲಿಲ್ಲ.

“ಪೆಟ್ಟಿಗೆ ಸರಿಯಾಗೇ ಅದೆಯಲ್ಲ ಮೇಡಂ.”

“ಹಾಡಿದಾಗ ಏರುತ್ತದಪ್ಪ.”

“ಸ್ವಲ್ಪ ಹಾಡಿ ನೋಡೋಣ.”

ಅಂಗಡಿಯ ಸ್ಟೂಲಿನ ಮೇಲೆ ಕೂತು ಹಾಡಿದೆ. ಅವನು ಪೆಟ್ಟಿಗೆ ಆರಿಸಿ, ಫೋನನ್ನು ನನ್ನ ಬಾಯಿಯ ಕಡೆ ಹಿಡಿದಿದ್ದ. ಮುಳ್ಳು ಎಡಕ್ಕೆ ವಾಲಿತು. ಅವನು ಫೋನನ್ನು ಕೈಯಲ್ಲಿ ತಟ್ಟಿದ. ಇನ್ನೂ ವಾಲಿತು. ಅವನು ನನ್ನ ಮುಖ ನೋಡಿದ, ಆಮೇಲೆ ಅಂಗಡಿಯ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರನ್ನು ಬಹಳ ಹೊತ್ತು ನೋಡಿದ.

“ನನ್ ಫೋನೇ ಸರಿ ಇಲ್ಲ ಅನ್ಸುತ್ತೆ ಮೇಡಂ. ಕೆಳಗ್ ಬಿದ್ದಿತ್ತು.”

ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಗೌರವವೆಂದು ತಿಳಿದೆ. ಕನಿಕರವೆಂದು ಈಗ ಗೊತ್ತಾಗಿದೆ.

ನಮ್ಮ ಬೀದಿಯ ವಿದ್ಯುತ್ತಿನ ಏರಿಳಿತವೇ ಇದಕ್ಕೆಲ್ಲ ಕಾರಣವೆಂದು ತೀರ್ಮಾನಿಸಿ, ಕಂಪನಿಗೆ ಮೂರು ಪುಟದ ಪತ್ರ ಬರೆದು, ಮಹಾಪ್ರಬಂಧದ ಐದನೇ ಅಧ್ಯಾಯದ ಪ್ರತಿಯನ್ನೂ ಲಗತ್ತಿಸಿದೆ. (ಒಟ್ಟು ಓದುಗರು ಮೂವರಾಗಬಹುದೆಂಬ ಆಸೆ.) ಕಂಪನಿಯವರು ಉತ್ತರ ಬರೆಯದೆ ಮೂರನೇ ಪೆಟ್ಟಿಗೆ ಕಳಿಸಿದರು. ಸಭೆಯ ದಿನದವರೆಗೆ ಅದನ್ನು ನನ್ನ ಸಾಧನೆಗೆ ಬಳಸಿ ಸವೆಸಬಾರದೆಂದು ಬೀರುವಿನಲ್ಲಿಟ್ಟೆ. ಬೆಳಗಿನ ಸಾಧನೆಗೆ ಮತ್ತೆ ಯಜಮಾನರೇ ಕೂತರು. ಕಂಠ ಎಂದಿನಂತೆ ಶುದ್ಧವಾಗಿತ್ತು.

ಫೆಬ್ರವರಿ ಮೊದಲ ವಾರ ಯಜಮಾನರನ್ನು ಪ್ಲಾಸ್ಟರ್ ಬಿಚ್ಚಿಸಲು ಮೈಸೂರಿಗೆ ಕರೆದುಕೊಂಡು ಹೋದ ಅವರ ತಮ್ಮ, ಕಾಲಿನ ವ್ಯಾಯಾಮಕ್ಕೆಂದು ಎಂಟು ದಿನ ಅಲ್ಲೇ ಇರಿಸಿಕೊಂಡ. ತಾಲೀಮು ನಿಲ್ಲುವ ಹಾಗಿರಲಿಲ್ಲ. ನಾನೇ ದಿನಾ ಮಾಡಿಸುತ್ತೇನೆ ಎಂದೆ. ಮೂವತ್ತೆರಡು ವರ್ಷದಲ್ಲಿ ಒಂದು ಗಂಟಲನ್ನೂ ಉದ್ಧಾರ ಮಾಡಲಾಗಲಿಲ್ಲವೆಂಬ ಕಹಿ ಒಳಗೆ ಇತ್ತು. ಒಬ್ಬನನ್ನಾದರೂ ಶ್ರುತಿಯಲ್ಲಿ ನಿಲ್ಲಿಸಿ ಸಾಯೋಣ ಎಂದು ಎರಡನೇ ಪೆಟ್ಟಿಗೆಯನ್ನು ಚಕ್ರವರ್ತಿಯ ಮುಂದೆ ಇಟ್ಟೆ. (ನಾನು ಹಾಡದಿದ್ದಾಗ ಅದು ಏರುತ್ತಿರಲಿಲ್ಲ.)

“‘ಏರಿಸು ರಥವ ಸಾರಥಿ’ ಹೇಳು.”

ಹೇಳಿದ.

“ಪೆಟ್ಟಿಗೆ ಎಲ್ಲಿದೆ, ನೀನೆಲ್ಲಿದ್ದೀಯ?”

“ಪೆಟ್ಟಿಗೆ ಟೀಪಾಯಿ ಮೇಲದೆ ಅಮ್ಮಾವ್ರೆ. ನಾನು ಚಾಪೆ ಮೇಲಿವ್ನಿ.”

“ಮತ್ತೆ ಹೇಳು.”

ಎಂಟು ದಿನ ಆ ಒಂದೇ ಸಾಲು. ರಥ ಏರಲೇ ಇಲ್ಲ. ದೇವರಾಜ ಎರಡನೇ ದಿನವೇ, “ನನ್ ಕುದುರೆ ಮನೀಕಂಡವೆ, ಎದ್ಮೇಲೆ ಬತ್ತೀನಿ” ಎಂದು ಹೋಗಿಬಿಟ್ಟ. ದೂತರು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ನಂಜಣ್ಣ ಮಾತ್ರ ಬಂದ. ದಿನದಿಂದ ದಿನಕ್ಕೆ ಅವನ ಧ್ವನಿ ಸಣ್ಣದಾಗುತ್ತ ಹೋಯಿತು. ಏಳನೇ ದಿನ ಬಾಯಿ ತೆರೆಯುವ ಮೊದಲೇ ಪೆಟ್ಟಿಗೆಯನ್ನು, ಇನ್‌ಸ್ಪೆಕ್ಟರನ್ನು ನೋಡುವ ಹಾಗೆ ನೋಡುತ್ತಿದ್ದ. ಎಂಟನೇ ದಿನ ಪದಗಳ ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ಶಾಲೆಯ ನೋಟ್‌ಬುಕ್ಕು, ಆರು ವರ್ಷದಿಂದ ಬೇರೆಯವರು ರಾಜರಾದಾಗಲೆಲ್ಲ ಮರೆಯಲ್ಲಿ ನಿಂತು ಬರೆದುಕೊಂಡದ್ದು.

“ಮೇಷ್ಟ್ರಿಗೆ ಕೊಟ್ಬುಡಿ ಅಮ್ಮಾವ್ರೆ. ಪಾರ್ಟು ಬೇರೆ ಯಾರ್ಗಾರ ಕೊಡ್ಲಿ. ನಂಗೆ ಪದ ಬರಾಕಿಲ್ಲ ಅಂತ ಇಷ್ಟ್ ದಿನ ಯಾರೂ ಯೋಳಿರ್ನಿಲ್ಲ. ನಿನ್ನೆ ಹೊಲದಲ್ಲಿ ಹಾಡೋಕ್ ಹೋದೆ, ಅಲ್ಲೂ ಬಾಯಿ ಕಟ್ಕತ್ತು.”

ನಾನು ಸತ್ಯವನ್ನೇ ಕಲಿಸಿದ್ದೆ. ಸತ್ಯ ಕಲಿತವರು ಸಾಮಾನ್ಯವಾಗಿ ಹೀಗೇ ಪುಸ್ತಕ ಮಡಚಿ ಹೋಗುತ್ತಾರೆ, ನನಗೆ ಅಭ್ಯಾಸವಿದೆ.

ಯಜಮಾನರು ಮೈಸೂರಿನಿಂದ ಬಂದು ನೋಟ್‌ಬುಕ್ಕು ನೋಡಿದರು. ನಲವತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮೇಲೆ ಧ್ವನಿ ಎತ್ತಿದರು.

“ಏನ್ ಮಾಡ್ದೆ ಅವನಿಗೆ?”

“ಶ್ರುತಿ ತೋರಿಸಿದೆ.”

“ಅವ್ನು ಕೇಳಿದ್ನಾ? ನಿನ್ನ ಶ್ರುತಿ ಕಟ್ಕೊಂಡು ನಾಳೆ ಅವನೇನು ಸೊಪ್ಪು ಬೇಯಿಸ್ತಾನಾ?”

“ಸುಳ್ಳು ಹೇಳಿ ಹಾಡಿಸುವುದಕ್ಕಿಂತ ಸುಮ್ಮನಿರಿಸುವುದು ವಾಸಿ.”

ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು ಒಂದು ಹಾಳೆ ತೆರೆದರು. ಮುಚ್ಚಿದರು. ಊರುಗೋಲು ಹಿಡಿದು ಆಟೋ ಹತ್ತಿ ಹನಗೋಡಿನ ಕಡೆ ಹೋದರು. ಬರುವಾಗ ನೋಟ್‌ಬುಕ್ಕು ಅವರ ಕೈಯಲ್ಲಿರಲಿಲ್ಲ. “ಏನು ಹೇಳಿ ಒಪ್ಪಿಸಿದಿರಿ?” ಎಂದರೆ, “ಒಂದು ಉದಾಹರಣೆ ಕೊಟ್ಟೆ” ಎಂದರು ಅಷ್ಟೆ.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಲಿಗ್ರಾಮದ ಸಮುದಾಯ ಭವನದಲ್ಲಿ ಸಭೆ. ಇನ್ನೂರು ಕುರ್ಚಿ, ಎಲ್ಲ ಭರ್ತಿ. ಮೂರು ಸಾಲು ಹನಗೋಡಿನವರು. ಟೆಂಪೋ ಮಾಡಿಕೊಂಡು ಬಂದಿದ್ದರು. ಯಜಮಾನರು ವೇದಿಕೆಯ ಎಡಬದಿಯಲ್ಲಿ, ಬ್ಯಾನರಿನ ಹಿಂದೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಕಂಬಳಿ ಸುತ್ತಿದ ಏನನ್ನೋ ಇಟ್ಟುಕೊಂಡಿದ್ದರು. ಕಾಲಿಗೆ ಶೀತವೆಂದರು.

ಸನ್ಮಾನ ಕೊನೆಗೆ, ಗಾಯನ ಮೊದಲು ಎಂದು ಬದಲಾಯಿಸಿದ್ದರು. ಮೂರನೇ ಪೆಟ್ಟಿಗೆಯನ್ನು ಹಚ್ಚಿದೆ. ಮೊದಲು ಎರಡು ಮಾತು ಆಡಿದೆ: ಶ್ರುತಿಯಲ್ಲಿ ರಾಜಿ ಇಲ್ಲ, ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಮಾಡಿದ ಹಾನಿ ಅಪಾರ, ಇತ್ಯಾದಿ. ಮೃದಂಗದಾತ ಪೆಟ್ಟಿಗೆಗೆ ಸರಿಯಾಗಿ ಮೃದಂಗವನ್ನು ತಟ್ಟಿ ಹೊಂದಿಸಿಕೊಂಡ. ಶುರು ಮಾಡಿದೆ.

ಮೊದಲ ಕೀರ್ತನೆಯ ಅರ್ಧಕ್ಕೆ ಪೆಟ್ಟಿಗೆ ಏರಿತು. ನಾನು ಅದನ್ನು ದುರುಗುಟ್ಟಿ ನೋಡಿದೆ. ಮೃದಂಗವೂ ಪೆಟ್ಟಿಗೆಯ ಪಕ್ಷ ಸೇರಿಕೊಂಡಿತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕಿವಿಯಿಂದ ಶ್ರವಣಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಮಹೇಶ್‌ಕುಮಾರ್ 'ಮೈಕು, ಮೈಕು' ಎಂದು ಮೈಕಿನವನಿಗೆ ಸನ್ನೆ ಮಾಡುತ್ತಿದ್ದ. ಎರಡನೆಯದಕ್ಕೆ ಕಲ್ಯಾಣಿಯ ಕೀರ್ತನೆಯನ್ನು ಎತ್ತಿಕೊಂಡೆ. ಎಲ್ಲಿ ಹೋದರೂ ಆ ನಾದ ನನ್ನಿಂದ ದೂರವೇ ನಿಂತಿತ್ತು.

ಆಗ ನಂಜಣ್ಣ ಎದ್ದ. ಚಕ್ರವರ್ತಿಯ ನಡಿಗೆಯಲ್ಲೇ ವೇದಿಕೆಯ ಪಕ್ಕಕ್ಕೆ ಬಂದು ಪ್ಲಗ್ಗು ಕಿತ್ತ. ಪೆಟ್ಟಿಗೆ ಬಾಯಿ ಮುಚ್ಚಿತು. ಮರುಕ್ಷಣವೇ ಬ್ಯಾನರಿನ ಹಿಂದಿನಿಂದ ಹಾರ್ಮೋನಿಯಂ ಎದ್ದಿತು, ನಾನು ಎಲ್ಲಿದ್ದೆನೋ ಸರಿಯಾಗಿ ಅಲ್ಲಿಗೇ ಬಂದು. ಮೃದಂಗದಾತ ಬುದ್ಧಿವಂತ, ಬೆರಳ ತುದಿಯಲ್ಲಿ ಮೆಲ್ಲಗೆ ನುಡಿಸತೊಡಗಿದ. ಕಲ್ಯಾಣಿ ಹರಿಯಿತು. ಹಿರಿಯರು ಶ್ರವಣಯಂತ್ರವನ್ನು ಮತ್ತೆ ಕಿವಿಗೆ ಸೇರಿಸಿದರು. ಮುಗಿದಾಗ ಭವನವೆಲ್ಲ ಚಪ್ಪಾಳೆ. ಹನಗೋಡಿನವರು ಅಭ್ಯಾಸಬಲದಿಂದ “ಒನ್ಸ್ ಮೋರ್” ಎಂದು ಕೂಗಿದರು. ನಾನು ಇನ್ನೊಮ್ಮೆ ಹಾಡಿದೆ. ಮುಗಿಸಿ, ಯಂತ್ರಗಳನ್ನು ನಂಬಬಾರದು, ಮನುಷ್ಯಕಂಠಕ್ಕೆ ಮಿಗಿಲಾದ ಅಳತೆಗೋಲಿಲ್ಲ ಎಂದು ಐದು ನಿಮಿಷ ಉಪದೇಶವನ್ನೂ ಮಾಡಿದೆ. ದೇವರು ಆಗಲಾದರೂ ನನ್ನ ಬಾಯಿ ಕಟ್ಟಬೇಕಿತ್ತು.

ಶಾಲು ಹೊದಿಸಿದರು. ಪೇಟ ಇಟ್ಟರು. ಹಣ್ಣಿನ ಬುಟ್ಟಿ ತೊಡೆಗೆ ಬಂತು. ‘ಶ್ರುತಿಶುದ್ಧ ವಿದುಷಿ’ ಎಂದು ಕೆತ್ತಿದ ಫಲಕ ಕೈಗೆ ಬಂತು. ಆಗ ನಂಜಣ್ಣ, ಅಮ್ಮಾವ್ರ ಬಗ್ಗೆ ಎರಡು ಮಾತು ಹೇಳಬೇಕೆಂದು ಮೈಕು ಕೇಳಿದ. ಕೊಟ್ಟರು.

“ಎಲ್ರಿಗೂ ಸರಣು. ನಾನು ಪಾರ್ಟು ಬುಟ್ಟೋಗಿದ್ದೆ. ನನ್ ಗಂಟ್ಲು ನಿಂತಲ್ ನಿಲ್ಲಾಕಿಲ್ಲ ಅಂತ ನಾಚ್ಕೆ ಆಗೋಗಿತ್ತು. ಮೇಷ್ಟ್ರು ಮುರ್ದಿರೋ ಕಾಲಲ್ಲಿ ನಮ್ಮನೆಗಂಟ ಬಂದು ಒಂದ್ ಮಾತು ಯೋಳುದ್ರು. ‘ಲೋ ನಂಜಣ್ಣ, ನಲವತ್ತಾರ್ ವರ್ಷದಿಂದ ದಿನಾ ಬೆಳಿಗ್ಗೆ ನಮ್ಮನೆಯೋರಿಗೂ ಹಿಂಗೇ ಮನೆ ಬದಲಾಯಿಸ್ಕೊಂಡು ಹೋಯ್ತಾ ಇವ್ನಿ ಕಣ್ಲಾ. ಅವ್ರು ಉಸ್ರು ಎಳ್ಕೊಳೋ ಹೊತ್ನಲ್ಲಿ ಮೆತ್ಗೆ ಬೆರಳು ಜಾರುಸ್ತೀನಿ. ಅಂತವ್ರೇ ಡಾಕ್ಟ್ರು ಆಗವ್ರೆ, ನಿಂಗೇನ್ಲಾ ರೋಗ’ ಅಂದ್ರು. ಅಷ್ಟ್ ದೊಡ್ಡೋರ ಗಂಟ್ಲೂ ನನ್ ಗಂಟ್ಲೂ ಒಂದೇ ಜಾತಿ ಅಂತ ತಿಳ್ಕಂಡ್ಮೇಲೆ ನಂಗೆ ಧೈರ್ಯ ಬತ್ತು. ಅಮ್ಮಾವ್ರಿಂದ್ಲೇ ಈವತ್ತು ನಾನು ರಾಜ. ಅವ್ರ ಪಾದಕ್ಕೆ ಸರಣು.”

ಅವನ ಕಣ್ಣಲ್ಲಿ ನೀರಿತ್ತು. ವ್ಯಂಗ್ಯದ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಇನ್ನೂರು ಜನ ಎದ್ದು ಚಪ್ಪಾಳೆ ತಟ್ಟಿದರು. ಬ್ಯಾನರಿನ ಹಿಂದಿನಿಂದ ಮಾತ್ರ ಸದ್ದಿಲ್ಲ. ಪೇಟ ನನ್ನ ಹಣೆಯ ಮೇಲೆ ಜಾರಿ ಕಣ್ಣು ಮುಚ್ಚಿತು. ಅದನ್ನು ಸರಿಪಡಿಸಲು ನಾನು ಆತುರಪಡಲಿಲ್ಲ.

ಕಾರಿನಲ್ಲಿ ಹುಣಸೂರಿಗೆ ಹೊರಟೆವು. ಊರಿನ ಕಮಾನು ಕಂಡಾಗ ಕೇಳಿದೆ.

“ಎಷ್ಟು?”

“ಏನೆಷ್ಟು?”

“ಎಷ್ಟು ಮನೆ?”

ಯಜಮಾನರು ಕಿಟಕಿಯ ಹೊರಗೆ ನೋಡಿದರು. “ಮದುವೆ ಆದಾಗ ಅರ್ಧ. ನೀನು ಪಿಎಚ್.ಡಿ. ಮಾಡೋವಾಗ ಒಂದು. ರಿಟೈರ್ ಆದ್ಮೇಲೆ ಒಂದೂವರೆ. ಈಗೀಗ ಚಳಿಗಾಲದಲ್ಲಿ ಎರಡು.”

“ಒಂದು ದಿನವಾದರೂ ಹೇಳಬಾರದಿತ್ತೆ?”

“ಮೊದಲನೇ ದಿನ ಹೇಳೋಣ ಅಂತ್ಲೇ ಕೂತಿದ್ದೆ. ನೀನು ಕಣ್ಣು ಮುಚ್ಚಿ ಹಾಡ್ತಿದ್ದೆ. ಮುಗಿದ್ಮೇಲೆ ಹೇಳೋಣ ಅಂದ್ಕೊಂಡೆ. ನೀನು ಮುಗಿಸ್ಲೇ ಇಲ್ಲ.”

ಮನೆಗೆ ಬಂದು ಫಲಕವನ್ನು ಬೀರುವಿನಲ್ಲಿ, ಮಹಾಪ್ರಬಂಧದ ಕೆಳಗೆ ಇಟ್ಟೆ. ಹಾಲಿನಲ್ಲಿ ಸಂಘಮಿತ್ರ ಕಳಿಸಿದ ಕ್ಯಾಲೆಂಡರ್ ತೂಗಾಡುತ್ತಿತ್ತು, ಅವಳ ಫೋನ್ ನಂಬರು ಕೆಳಗೆ ದಪ್ಪ ಅಕ್ಷರದಲ್ಲಿ. ಅರ್ಧ ಮನೆಗೆ ಅವಳನ್ನು ಫೇಲು ಮಾಡಿದೆ. ಅವಳ ತಪ್ಪು ಇಷ್ಟೇ: ಪರೀಕ್ಷೆಯಲ್ಲಿ ಅವಳ ಹಿಂದೆ ತಂಬೂರಿ ಇತ್ತು, ನನ್ನ ಗಂಡನಿರಲಿಲ್ಲ. ಫೋನ್ ಮಾಡೋಣವೆಂದು ನಂಬರನ್ನು ಒತ್ತಿದೆ. ಮೂರನೇ ಸಲ ರಿಂಗಾಗುವ ಮುನ್ನ ಕತ್ತರಿಸಿದೆ. ಎರಡು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು. “ಮೇಡಂ, ಫೋನ್ ಮಾಡಿದ್ರಾ? ನಿಮ್ಮ ವಯಸ್ಸಿಗೆ ಪಾಲಿಸಿ ಕಷ್ಟ ಮೇಡಂ, ಆದ್ರೂ ನೋಡ್ತೀನಿ,” ಎಂದಳು. ಸರಿ ನೋಡು ಎಂದೆ.

ಮರುದಿನ ಆರು ಗಂಟೆಗೆ ಎಂದಿನಂತೆ ಕೂತೆ. ಯಜಮಾನರು ಊರುಗೋಲು ಪಕ್ಕಕ್ಕಿಟ್ಟು, ಕಂಬಳಿ ಬಿಚ್ಚಿ ಹಾರ್ಮೋನಿಯಂ ಎಳೆದುಕೊಂಡರು.

“ಇವತ್ತು ಒಂದೇ ಮನೆ. ಬೆರಳು ಅಲ್ಲಾಡಿದರೆ ನೋಡಿ,” ಎಂದೆ.

ಅವರು ಒಂದು ಪಟ್ಟಿಯ ಮೇಲೆ ಬೆರಳಿಟ್ಟು, ಡಾಕ್ಟರ ಮುಂದೆ ಸೂಜಿಗೆ ತೋಳು ಒಡ್ಡಿದವರ ಹಾಗೆ ಕಣ್ಣು ಮುಚ್ಚಿದರು. ಹಾಡಿದೆ. ಪಲ್ಲವಿ ಚೆನ್ನಾಗಿತ್ತು. ಅನುಪಲ್ಲವಿಯ ಎರಡನೇ ಸಾಲಿಗೆ ಬಂದಾಗ, ಸಾಲಿಗ್ರಾಮದ ಆ ಹಿರಿಯರಿಗೆ ಕೇಳಿಸಿದ್ದು ನನಗೂ ಕೇಳಿಸಿತು. ಹಾಡು ನಿಲ್ಲಿಸಿದೆ. ಪೆಟ್ಟಿಗೆ ಮಾತ್ರ ಅಲ್ಲೇ, ಅದೇ ಮನೆಯಲ್ಲಿ ‘ಸ’ ಎನ್ನುತ್ತಿತ್ತು. ಅವರ ಬೆರಳು ಕದಲಿರಲಿಲ್ಲ.

“ಏನಾಯ್ತೇ?” ಎಂದರು ಕಣ್ಣು ತೆರೆಯದೆ.

“ಏನೂ ಆಗಿಲ್ಲ,” ಎಂದೆ. “ಅಲ್ಲಾಡಿಸಿ.”